ತೋಡಾರಿಗೆ ಹೋಗುವ ಐರ್ಲೆಂಡ್ ರಸ್ತೆ

ಐರ್ಲೆಂಡಿನ ಗುಡ್ಡಗಳು ಬಹಳ ಸೌಮ್ಯವಂತೆ. ಫಿನ್ಬಾರ್ ಹಾಗೆಂದ ಮೊದಲ ದಿನವೇ ನನಗೆ ಅವನ ಮೇಲಿದ್ದ ಅರ್ಧ ಗೌರವ ಹೋಯಿತು. ಗುಡ್ಡ ಎಂದ ಮೇಲೆ ಏರುವಾಗ ಉಸಿರು ಬಾಯಿಗೆ ಬರಬೇಕು, ಇಳಿಯುವಾಗ ಕಾಲು ನಡುಗಬೇಕು. ಸೌಮ್ಯವಾಗಿರಲಿಕ್ಕೆ ಅದೇನು ನಮ್ಮ ಇಗರ್ಜಿಯ ಪಾದ್ರಿಯೇ? ಹಾಗೆ ನೋಡಿದರೆ ನಮ್ಮ ಪಾದ್ರಿಗಳೂ ಅಷ್ಟೇನೂ ಸೌಮ್ಯವಲ್ಲ.

ಇದು ತೊಂಬತ್ತಾರರ ಮಾತು. ಸೌದಿಯ ತಾಯಿಫಿನ ಒಂದು ಖಾಸಗಿ ಆಸ್ಪತ್ರೆಯ ಗಂಡಸರ ಮೂಳೆ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. ಹೆಸರು ಡೆಲ್ಫಿನ್, ಊರು ಕಿನ್ನಿಗೋಳಿ. ಫಿನ್ಬಾರ್ ನಮ್ಮ ಫಿಸಿಯೋಥೆರಪಿಸ್ಟ್, ಐರ್ಲೆಂಡಿನವನು. ಮುರಿದ ಮೂಳೆ ಕೂಡಿದ ಮೇಲೆ ಕೈಕಾಲು ಮಡಚಿಸಿ, ಚಾಚಿಸಿ, ರೋಗಿಯ ಬಾಯಿಂದ ಅಯ್ಯೋ ಅನ್ನಿಸುವುದು ಅವನ ಕೆಲಸ. ಕೆಲಸ ಗೊತ್ತಿತ್ತು, ಸುಳ್ಳು ಹೇಳಬಾರದು. ಆದರೆ ಅವನ ತಲೆಯೊಳಗೆ ಹಗಲೂ ರಾತ್ರಿ ಒಂದು ಸೈಕಲ್ ಓಡುತ್ತಿತ್ತು.

ಊರಿಂದ ಬರುವಾಗ ಸೈಕಲನ್ನೂ ವಿಮಾನದಲ್ಲಿ ಹಾಕಿಕೊಂಡು ಬಂದ ಪುಣ್ಯಾತ್ಮ ಅವನು. ನಮ್ಮವರು ವಿಮಾನದಲ್ಲಿ ಉಪ್ಪಿನಕಾಯಿ ತರುತ್ತಾರೆ, ಒಣಮೀನು ತರುತ್ತಾರೆ, ಇವನು ಸೈಕಲ್ ತಂದ. ಬಂದ ಎರಡನೇ ವಾರ ಮೈಗಂಟಿದ ಚಡ್ಡಿ ಹಾಕಿಕೊಂಡು ಶಫಾ ರಸ್ತೆಯಲ್ಲಿ ಹೊರಟಿದ್ದಾನೆ. ತಾಯಿಫಿನ ಪೊಲೀಸರು ಆ ಚಡ್ಡಿ ನೋಡಿ, ಜೀಪಿನಲ್ಲಿ ಕೂರಿಸಿ, ಸೈಕಲನ್ನು ಹಿಂದೆ ಹಾಕಿ, ಆಸ್ಪತ್ರೆಯ ಗೇಟಿನಲ್ಲಿ ಇಳಿಸಿ ಹೋದರು. ಅಲ್ಲಿಗೆ ಅವನ ಹೊರಗಿನ ಸವಾರಿ ಮುಗಿಯಿತು. ಉಳಿದ ಪ್ರೀತಿಯನ್ನೆಲ್ಲ ಅವನು ವ್ಯಾಯಾಮದ ಕೋಣೆಯಲ್ಲಿದ್ದ ನಿಂತ ಸೈಕಲಿನ ಮೇಲೆ ಸುರಿದ.

ಆ ಸೈಕಲಿನ ಎದುರಿನ ಗೋಡೆಗೆ ಒಂದು ನಕ್ಷೆ ಅಂಟಿಸಿದ. ನೋರ್ ಎಂಬ ನದಿಯ ಬದಿಯ ರಸ್ತೆ, ಬೆನೆಟ್ಸ್‌ಬ್ರಿಜ್‌ನಿಂದ ಥಾಮಸ್‌ಟೌನ್, ಅಲ್ಲಿಂದ ಇನಿಷ್ಟೀಗ್. ಸುತ್ತಲೂ ಫೋಟೋಗಳು: ಹಸಿರು ಗದ್ದೆ, ಕಲ್ಲಿನ ಸೇತುವೆ, ಕುರಿ, ಮತ್ತೆ ಹಸಿರು ಗದ್ದೆ, ಮತ್ತೆ ಕುರಿ. ಯಾವ ರೋಗಿ ಸೈಕಲ್ ಹತ್ತಿದರೂ ಇವನು ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತು ಆ ದಾರಿಯನ್ನು ವರ್ಣಿಸಬೇಕು. ಮನಸ್ಸು ರಸ್ತೆಯಲ್ಲಿದ್ದರೆ ಮೊಣಕಾಲು ನೋವನ್ನು ಮರೆಯುತ್ತದೆ ಎಂಬುದು ಅವನ ಸಿದ್ಧಾಂತ. ಸುಡಾನಿನವರಿಗೂ ಪಾಕಿಸ್ತಾನದವರಿಗೂ ಅದನ್ನೇ ಹೇಳಿದ. ಅವರು ತುಳಿದರು, ಏನು ಅರ್ಥವಾಯಿತೋ ಆ ದೇವರಿಗೇ ಗೊತ್ತು.

ನನಗೆ ಈ ಪ್ರಾರಬ್ಧ ಗಂಟುಬಿದ್ದದ್ದು ಹಸನ್ ಕುಂಞಿಯಿಂದ. ಅವನು ನಮ್ಮ ಕಡೆಯ ಬ್ಯಾರಿ ಮುಸಲ್ಮಾನ, ನೀರಿನ ಟ್ಯಾಂಕರಿನ ಡ್ರೈವರ್. ಹದಾ ಘಾಟಿ ಇಳಿಯುವಾಗ ಬ್ರೇಕ್ ಹೋಗಿದೆ. ಒಂದು ಕಡೆ ಪಾತಾಳ, ಇನ್ನೊಂದು ಕಡೆ ಬಂಡೆ, ಮೇಲೆ ಕೂತು ನೋಡುವ ಮಂಗಗಳು. ಅವನು ಬಂಡೆಯನ್ನು ಆರಿಸಿಕೊಂಡ. ಜೀವ ಉಳಿಯಿತು, ಎಡ ಮೊಣಕಾಲು ಚೂರಾಯಿತು. ಡಾಕ್ಟರರು ಸೇರಿಸಿ ಕಟ್ಟಿದರು. ಕಟ್ಟು ಬಿಚ್ಚಿದಾಗ ಕಾಲು ನೆಟ್ಟಗೆ ನಿಂತುಬಿಟ್ಟಿತ್ತು, ಮಡಚು ಅಂದರೆ ಮಡಚದು. ಅವನಿಗೆ ಇಂಗ್ಲಿಷ್ ಬಾರದು, ಫಿನ್ಬಾರಿಗೆ ಇಂಗ್ಲಿಷ್ ಬಿಟ್ಟು ಬೇರೇನೂ ಬಾರದು. "ಡೆಲ್ಫಿನ್, ನೀನು ಅವನ ಊರಿನವಳಲ್ಲವೇ?" ಎಂದು ನನ್ನನ್ನು ನಡುವೆ ನಿಲ್ಲಿಸಿದರು.

ಹಸನ್ ಕುಂಞಿಯ ಕಂಪನಿಯಿಂದ ವಾರಕ್ಕೊಮ್ಮೆ ಜೆಫ್ರಿ ಬರುತ್ತಿದ್ದ. ಆಳುಗಳ ವಾಸದ ಪರವಾನಗಿ ಇಕಾಮಾ, ರಜೆ, ಪಾಸ್‌ಪೋರ್ಟ್ ಎಲ್ಲ ನೋಡುವ ಅಧಿಕಾರಿ. ನಮ್ಮವನೇ, ಮಂಗಳೂರಿನ ಬಿಜೈಯವನು, ಅದನ್ನು ಹೇಳಲು ನನಗೆ ನಾಚಿಕೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ ಮಾಡಿದವರು ಇವನನ್ನು ನೋಡಿಯೇ ಮಾಡಿರಬೇಕು. ಕಂಪನಿಯ ಅರಬಿ ಧಣಿ, ಕಫೀಲ್, ಎಲ್ಲೋ ಹಳ್ಳಿಯಲ್ಲಿ ಒಂಟೆ ಸಾಕಿಕೊಂಡು ನೆಮ್ಮದಿಯಾಗಿದ್ದ ಮುದುಕ, ಕೇಳಿದರೆ ಹೂಂ ಅನ್ನುವವನು. ಆದರೆ ಕೇಳಲಿಕ್ಕೆ ಜೆಫ್ರಿಯನ್ನು ದಾಟಬೇಕಿತ್ತು. ಅವನು ರೋಗಿಯ ಮುಖ ನೋಡುತ್ತಿರಲಿಲ್ಲ, ಮೊಣಕಾಲು ನೋಡುತ್ತಿದ್ದ.

"ಸಿಸ್ಟರ್, ಇದು ಬಗ್ಗುತ್ತದೋ ಇಲ್ಲವೋ? ಕ್ಲಚ್ ತುಳಿಲಿಕ್ಕೆ ಆಗುದಿಲ್ಲ ಅಂದ್ರೆ ಕಂಪನಿಗೆ ಎಂತ ಉಪಯೋಗ? ರಂಜಾನ್ ಮೊದಲು ಹೇಳಿ. ಆಗುದಿಲ್ಲ ಅಂತಾದ್ರೆ ಎಕ್ಸಿಟ್ ಹೊಡೆದು ಊರಿಗೆ ಕಳಿಸ್ತೇವೆ."

ರೋಗಿಯ ಎದುರಿಗೇ ಹೇಳಿದ, ಅವನಿಗೂ ಅರ್ಥವಾಗುವ ಕನ್ನಡದಲ್ಲಿ. ಹಸನ್ ಕುಂಞಿ ಹೊದಿಕೆಯನ್ನು ಮೊಣಕಾಲ ಮೇಲೆ ಎಳೆದುಕೊಂಡ.

ಜೆಫ್ರಿ ಹೋದ ಮೇಲೆ ಅವನು ನನಗೆ ಮೆಲ್ಲಗೆ ವಿಷಯ ಹೇಳಿದ. ಮಗಳು ಶಾಹೀದಾಳ ಮದುವೆ ರಂಜಾನ್ ಹಬ್ಬ ಕಳೆದ ಮೇಲೆ ಅಂತ ನಿಶ್ಚಯವಾಗಿತ್ತು. ರಜೆಯೂ ಆಗಲೇ ಸಿಗಬೇಕಿತ್ತು.

"ರಜೆಯಲ್ಲಿ ಹೋದ್ರೆ ನಾನು ಮದುಮಗಳ ಬಾಪ ಬಾಯಮ್ಮ. ಎಕ್ಸಿಟಲ್ಲಿ ಹೋದ್ರೆ ಎಂತ? ಕುಂಟ. ಗಂಡಿನ ಕಡೆಯವರು ನಾಳೆ ಬೇರೆ ಮಾತಾಡ್ತಾರೆ."

ಕ್ರಿಸ್ತಾಂವ್ ಹೆಂಗಸರನ್ನು ನಮ್ಮ ಊರಲ್ಲಿ ಹಾಗೆಯೇ ಕರೆಯುವುದು, ಬಾಯಮ್ಮ ಅಂತ. ತಾಯಿಫಿನಲ್ಲಿ ಆ ಶಬ್ದ ಕೇಳಿ ವರ್ಷಗಳಾಗಿದ್ದವು. ಅದಕ್ಕೇ ಇರಬೇಕು, "ಮಡಚಿಸಿಯೇ ಬಿಡುವ, ನೀವು ಸುಮ್ನಿರಿ" ಅಂತ ನನ್ನ ಬಾಯಿಯಿಂದ ಬಂತು. ಕೊಟ್ಟ ಮಾತು, ಇನ್ನು ನುಂಗುವ ಹಾಗಿರಲಿಲ್ಲ.

ಸೈಕಲಿನ ಲೆಕ್ಕ ಸರಳ. ಸೀಟು ಮೇಲಿದ್ದರೆ ಮೊಣಕಾಲು ಕಡಿಮೆ ಬಗ್ಗಿದರೆ ಸಾಕು. ಸೀಟು ತಗ್ಗಿಸುತ್ತ ಹೋದ ಹಾಗೆ ಹೆಚ್ಚು ಬಗ್ಗಬೇಕು. ಕೊನೆಯ ಗುರುತಿಗೆ ಸೀಟು ಇಳಿಸಿ, ಪೆಡಲನ್ನು ನಿಲ್ಲಿಸದೆ ಪೂರ್ತಿ ಸುತ್ತು ತುಳಿದರೆ ಅವನು ಟ್ಯಾಂಕರ್ ಓಡಿಸಬಲ್ಲ ಎಂದು ಫಿನ್ಬಾರ್ ಬರೆದುಕೊಡುತ್ತಾನೆ. ಶುರುವಿನಲ್ಲಿ ಹಸನ್ ಕುಂಞಿಗೆ, ಸೀಟು ಎಷ್ಟೇ ಮೇಲಿದ್ದರೂ, ಅರ್ಧ ಸುತ್ತೂ ಆಗುತ್ತಿರಲಿಲ್ಲ. ಪೆಡಲ್ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ಅಷ್ಟೇ. ಹಣೆಯಲ್ಲಿ ಬೆವರು ಸುರಿಯುತ್ತಿತ್ತು.

ಅದರ ನಡುವೆ ಫಿನ್ಬಾರನ ಪುರಾಣ. "ಈಗ ನಾವು ಬೆನೆಟ್ಸ್‌ಬ್ರಿಜ್ ಬಿಟ್ಟೆವು. ಬಲಗಡೆ ನದಿ. ರಸ್ತೆ ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಮಳೆ ನಿಂತಿದೆ. ಹುಲ್ಲಿನ ವಾಸನೆ!" ಎಂದು ಕಣ್ಣು ಮುಚ್ಚುವನು. ನಾನು ತುಳುವೂ ಕನ್ನಡವೂ ಕಲಸಿ ಹಸನ್ ಕುಂಞಿಗೆ ದಾಟಿಸಬೇಕು.

ಮೊದಲ ದಿನ ನಿಯತ್ತಾಗಿ ದಾಟಿಸಿದೆ. ಹಸನ್ ಕುಂಞಿ ಡ್ರೈವರ್, ರಸ್ತೆ ಅಂದರೆ ಅವನಿಗೆ ತಮಾಷೆಯಲ್ಲ. "ಲೋಡ್ ಗಾಡಿ ಹೋಗ್ತದಾ ಅದ್ರಲ್ಲಿ?" ಅಂದ. "ಚೆಕ್‌ಪೋಸ್ಟ್ ಎಲ್ಲಿ ಸಿಗುದು? ಊಟಕ್ಕೆ ಎಲ್ಲಿ ನಿಲ್ಲಿಸುದು?" ಇನಿಷ್ಟೀಗ್ ಸೇತುವೆಯ ಬಳಿ ಒಳ್ಳೆಯ ಪಬ್ ಇದೆ, ಹಂದಿ ಸಾಸೇಜು ಸಿಗುತ್ತದೆ ಎಂದ ಫಿನ್ಬಾರ್. ಅದನ್ನು ನಾನು ದಾಟಿಸಲಿಲ್ಲ. ಚಾ ಸಿಗ್ತದಂತೆ ಅಂದೆ.

"ಇವರು ಎಂತಕ್ಕೆ ಬಾಯಮ್ಮ ಸೈಕಲಲ್ಲಿ ಹೋಗುದು? ಅಲ್ಲಿ ಬಸ್ಸಿಲ್ವಾ?"

ಕೇಳಿದೆ. ಖುಷಿಗಾಗಿ ಎಂದು ಫಿನ್ಬಾರ್ ಹೇಳಿದ. ಹಸನ್ ಕುಂಞಿ ಅವನ ಕಡೆ ನೋಡಿ, "ಪಾಪ" ಅಂದ.

ನನಗೆ ಪಾಪ ಅನ್ನಿಸಲಿಲ್ಲ, ಸಿಟ್ಟು ಬಂತು. ಕಾರಿದ್ದೂ ಸೈಕಲ್ ತುಳಿಯುವವರು, ಬೆವರಲಿಕ್ಕೆ ದುಡ್ಡು ಕೊಡುವವರು, ಮಳೆಯಲ್ಲಿ ನೆನೆದದ್ದನ್ನು ಸುಖ ಅಂತ ಹೇಳಿಕೊಂಡು ತಿರುಗುವವರು! ನಮ್ಮಪ್ಪ ಸೈಕಲಿನಲ್ಲಿ ಮೀನಿನ ಬುಟ್ಟಿ ಕಟ್ಟಿಕೊಂಡು ಕಿನ್ನಿಗೋಳಿಯಿಂದ ಐಕಳದವರೆಗೆ ತುಳಿದವನು. ಆ ಗುಡ್ಡಗಳು ಎಷ್ಟು ಸೌಮ್ಯ ಅಂತ ಅವನನ್ನು ಯಾರೂ ಕೇಳಲಿಲ್ಲ. ಹೊಟ್ಟೆ ತುಂಬಿದವರಿಗೆ ಮಾತ್ರ ರಸ್ತೆ ಚಂದ ಕಾಣುವುದು.

ನಾಲ್ಕೈದು ದಿನ ಕಳೆದರೂ ಪೆಡಲ್ ತಿರುಗಲಿಲ್ಲ. ಬೆನೆಟ್ಸ್‌ಬ್ರಿಜ್ ಅನ್ನುವುದು ಹಸನ್ ಕುಂಞಿಯ ಕಿವಿಯಲ್ಲೇ ನಿಲ್ಲುತ್ತಿರಲಿಲ್ಲ, ಕಾಲಿಗೆ ಎಲ್ಲಿ ಇಳಿಯಬೇಕು? ಒಂದು ಬೆಳಿಗ್ಗೆ ನನ್ನ ತಾಳ್ಮೆ ತೀರಿತು. ಫಿನ್ಬಾರ್ ಇಂಗ್ಲಿಷಿನಲ್ಲಿ ಹೊರಟ, ನಾನು ನನ್ನ ದಾರಿ ಹಿಡಿದೆ.

"ಹಸನಾಕ, ಐರ್ಲೆಂಡ್ ಹಾಳಾಗಿ ಹೋಗಲಿ. ನಾವು ಮೂಡುಬಿದಿರೆ ರಸ್ತೆಯಲ್ಲಿ ಕುಲಶೇಖರ ಬಿಟ್ಟೆವು. ಇದು ವಾಮಂಜೂರು. ಬಸ್ಸು ಫುಲ್ಲು. ಇಳಿಜಾರು ಬಂತು, ಇನ್ನು ಗುರುಪುರ ಸೇತುವೆ. ತುಳೀರಿ!"

ಅವನು ಕತ್ತೆತ್ತಿ ನೋಡಿದ. ಮುಖದಲ್ಲಿ ಏನೋ ಬಂತು. "ಸೇತುವೆ ಕಿರಿದು ಬಾಯಮ್ಮ, ಎದುರಿಂದ ಲಾರಿ ಬರ್ತಾ ಉಂಟು" ಅಂದವನೇ ಹಲ್ಲು ಕಚ್ಚಿ ಒತ್ತಿದ. ಕೀಲು ಕಟಕ್ ಅಂತು. ಪೆಡಲ್ ಮೇಲೆ ಹೋಗಿ, ನಿಂತು, ಆಚೆ ಬಿತ್ತು. ಪೂರ್ತಿ ಒಂದು ಸುತ್ತು!

"ನೋಡಿದೆಯಾ? ಥಾಮಸ್‌ಟೌನ್ ತಲುಪಿದ!" ಎಂದು ಫಿನ್ಬಾರ್ ಸ್ಟೂಲಿನಿಂದ ಎದ್ದು ಕುಣಿದ. ಕುಣಿಯಲಿ ಅಂತ ಬಿಟ್ಟೆ.

ಆ ದಾರಿಯನ್ನು ನಾನು ಆರಿಸಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ನನ್ನ ಅಕ್ಕ ಎಲ್ಸಾಳನ್ನು ಮೂಡುಬಿದಿರೆಗೆ ಕೊಟ್ಟಿದೆ, ಮಂಗಳೂರಲ್ಲಿ ನರ್ಸಿಂಗ್ ಕಲಿಯುವಾಗ ಆ ಬಸ್ಸಿನಲ್ಲಿ ನೂರು ಸಲ ಹೋಗಿದ್ದೇನೆ, ಬಾಯಿಪಾಠ. ದಿನಕ್ಕಿಷ್ಟು ಮುಂದೆ ಹೋದೆವು. ಕೈಕಂಬ, ಗಂಜಿಮಠ, ಎಡಪದವು. ಫಿನ್ಬಾರ್ ಕುರಿ ಅಂದಲ್ಲಿ ನಾನು ಗೂಡಂಗಡಿ ಅಂದೆ. ಅವನು ಮಠದ ಅವಶೇಷ ಅಂದಲ್ಲಿ ಪೆಟ್ರೋಲ್ ಬಂಕ್ ಅಂದೆ. ಹಸನ್ ಕುಂಞಿ ತಿರುವಿನಲ್ಲಿ ವಾಲುತ್ತಿದ್ದ, ಶಾಲೆ ಬಂದರೆ ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದ. ಊರಲ್ಲಿದ್ದಾಗ ಅದೇ ರಸ್ತೆಯಲ್ಲಿ ಹೆಂಚಿನ ಲಾರಿ ಬಿಟ್ಟಿದ್ದನಂತೆ. ಸೀಟು ಇಳಿಯುತ್ತಾ ಬಂತು. ನನಗೂ, ನಿಜ ಹೇಳಬೇಕಲ್ಲ, ಹುರುಪು ಬಂದಿತ್ತು.

ಮಿಜಾರಿಗೆ ಬಂದಾಗ ಎಲ್ಲ ಕೆಟ್ಟಿತು.

ಮಿಜಾರು ದಾಟಿದ ದಿನ ಅವನು ನೋವು ಅಂದ. ಮರುದಿನವೂ ನೋವು ಅಂದ. ಹಿಂದಿನ ವಾರ ಸಲೀಸಾಗಿ ಬಗ್ಗಿದ ಕಾಲು ಈಗ ಅರ್ಧದಲ್ಲೇ ನಿಲ್ಲತೊಡಗಿತು. ಇನ್ನು ಎರಡು ಗುರುತು ಮಾತ್ರ ಸೀಟು ಇಳಿಯಬೇಕಿತ್ತು. ಫಿನ್ಬಾರ್ ಒತ್ತಿ ನೋಡಿದ, ಊತವಿಲ್ಲ, ಕೀಲು ಚೆನ್ನಾಗಿದೆ. "ಅವನಿಗೆ ಇಚ್ಛೆ ಇಲ್ಲ" ಎಂದು ತಲೆಯಾಡಿಸಿದ. ಆ ಮಾತು ಜೆಫ್ರಿಯ ಕಿವಿಗೆ ಬಿದ್ದದ್ದೇ ತಡ, ಹಬ್ಬದ ಊಟ ಸಿಕ್ಕಿದ ಹಾಗಾಯಿತು.

"ನಾನು ಮೊದಲೇ ಹೇಳಿದ್ದೆ ಸಿಸ್ಟರ್. ಇವರಿಗೆ ಮಲಗಿ ತಿನ್ಲಿಕ್ಕೆ ಅಭ್ಯಾಸ ಆಯ್ತು. ಶನಿವಾರ ಬರ್ತೇನೆ. ನನ್ನ ಎದುರು ತುಳೀಬೇಕು. ಇಲ್ಲದಿದ್ರೆ ಯಲ್ಲಾ, ಖಲಾಸ್."

ಅವನು ಮಾತಾಡುವಾಗ ಟೈ ಸರಿಮಾಡಿಕೊಳ್ಳುವ ರೀತಿ ನೋಡಿದರೆ ಆ ಟೈಯಲ್ಲೇ ಅವನನ್ನು ತೂಗುಹಾಕಬೇಕು ಅನ್ನಿಸುತ್ತಿತ್ತು. ಆದರೆ ಆ ದಿನ ನನ್ನ ಸಿಟ್ಟೆಲ್ಲ ಹಸನ್ ಕುಂಞಿಯ ಮೇಲೆ. ಕೋಣೆಯಲ್ಲಿ ಯಾರೂ ಇಲ್ಲದಾಗ ಅವನನ್ನು ಸೈಕಲ್ ಹತ್ತಿಸಿದೆ.

"ಮಿಜಾರು ದಾಟಿತು. ತೋಡಾರು ಬಂತು. ಇನ್ನು ಮೂಡುಬಿದಿರೆ. ತುಳೀರಿ ಮಾರಾಯ್ರೇ, ಎಂತ ಆಗಿದೆ ನಿಮಗೆ?"

ಅವನು ಕಾಲು ತೆಗೆದ. "ತೋಡಾರು ಬೇಡ ಬಾಯಮ್ಮ."

"ಎಂತಕ್ಕೆ ಬೇಡ? ತೋಡಾರು ನಿಮಗೆ ಎಂತ ಮಾಡಿದೆ?"

"ನನ್ನ ಮನೆ ಅಲ್ಲೇ. ಮಸೀದಿಯ ಹಿಂದೆ."

ಅದು ನನಗೆ ಹೇಗೆ ಗೊತ್ತಿರಬೇಕು? ಫೈಲಿನಲ್ಲಿ ಮಂಗಳೂರು ಅಂತ ಇತ್ತು. ಕಾಸರಗೋಡಿನಿಂದ ಬೈಂದೂರಿನವರೆಗೆ ಎಲ್ಲರದ್ದೂ ಫೈಲಿನಲ್ಲಿ ಮಂಗಳೂರೇ.

"ಬರಿಗೈಲಿ ಹೋಗುದಾ?" ಅವನ ಸ್ವರ ಏರಿತು. "ಒಂದು ಪೆಟ್ಟಿಗೆ ಇಲ್ಲ, ಮಕ್ಕಳಿಗೆ ಒಂದು ಚಾಕಲೇಟ್ ಇಲ್ಲ, ಒಂದು ಕುಪ್ಪಿ ಅತ್ತರಿಲ್ಲ. ಈ ಆಸ್ಪತ್ರೆಯ ಪೈಜಾಮದಲ್ಲಿ! ಹೆಂಡತಿ ರಾಬಿಯಾ ಜಗಲಿಯಲ್ಲೇ ಕೂತಿರ್ತಾಳೆ. ನೆರೆಕರೆಯವರು ಕೇಳ್ತಾರೆ, ಹಸನಾಕ ಯಾವಾಗ ವಾಪಸ್ ಅಂತ. ಎಂತ ಹೇಳುದು? ಮೊನ್ನೆಯಿಂದ ನಾನು ಆ ತಿರುವಿಗೆ ಬಂದಾಗೆಲ್ಲ ಬ್ರೇಕ್ ಒತ್ತುದು."

"ಇದು ನಿಂತ ಸೈಕಲ್ಲು! ಸಾಯುವವರೆಗೆ ತುಳಿದ್ರೂ ಈ ಗೋಡೆಯಿಂದ ಗೇಣು ಮುಂದೆ ಹೋಗುದಿಲ್ಲ!"

"ನಿಮಗೆ ನಿಂತದ್ದು" ಅಂದ ಅವನು. "ಓಡಿಸುದು ನಾನಲ್ವಾ?"

ಥೂ, ಎಂಥ ಜನ ನಾವು! ಹದಾ ಘಾಟಿಯಲ್ಲಿ ಸಾವು ಎದುರು ಬಂದಾಗ ಹೆದರದವನು ಸ್ವಂತ ಮನೆಯ ಗೇಟಿಗೆ ಹೆದರಿದ್ದ. ಪೆಟ್ಟಿಗೆ ಇಲ್ಲದೆ ಬಂದರೆ ಗಲ್ಫಿನವನು ಮನುಷ್ಯನೇ ಅಲ್ಲ ಅಂತ ಮಾಡಿಟ್ಟವರು ಯಾರು? ನಾವೇ. ನಾನೂ ಏನು ಕಡಿಮೆಯಲ್ಲ. ಪ್ರತಿ ಸಲ ಊರಿಗೆ ಹೋಗುವಾಗ, ನಾನು ಹಿಂದೆ ಬಂದರೂ ಪರವಾಗಿಲ್ಲ, ಪೆಟ್ಟಿಗೆ ಮೊದಲು ಮನೆ ಹೊಗಲಿ ಅಂತ ಟ್ಯಾಕ್ಸಿಯವನಿಗೆ ಹೇಳಿದವಳು ನಾನು. ನಗುವುದೋ ಅಳುವುದೋ ತಿಳಿಯದೆ, ಕೊನೆಗೆ ಅವನಿಗೇ ಬೈದು ವಾರ್ಡಿಗೆ ಕಳಿಸಿದೆ.

ಶನಿವಾರ ಜೆಫ್ರಿ ಬಂದ. ಗೋಡೆಯ ಬದಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಫಿನ್ಬಾರ್ ಸೀಟನ್ನು ಕೊನೆಯ ಗುರುತಿಗೆ ಇಳಿಸಿ ಸ್ಟೂಲ್ ಎಳೆದುಕೊಂಡ. ಹಸನ್ ಕುಂಞಿ ಯಾರ ಮುಖವನ್ನೂ ನೋಡದೆ ಹತ್ತಿದ.

"ಇಂದು ಕೊನೆಯ ಹಂತ" ಎಂದು ಫಿನ್ಬಾರ್ ಶುರುಮಾಡಿದ. "ಇನಿಷ್ಟೀಗಿಗೆ ಸೌಮ್ಯವಾದ ಇಳಿಜಾರು. ಅವಸರ ಬೇಡ. ಸೂರ್ಯ ಮೋಡದಿಂದ ಹೊರಗೆ ಬಂದಿದ್ದಾನೆ."

ಹಸನ್ ಕುಂಞಿಯ ಕಾಲು ಅರ್ಧಕ್ಕೆ ಬಂದು ನಿಂತಿತು. ಜೆಫ್ರಿ ಗಡಿಯಾರ ನೋಡಿದ. ನಾನು ಸೈಕಲಿನ ಹತ್ತಿರ ಹೋಗಿ, ಜೆಫ್ರಿಗೆ ತಿಳಿಯದಿರಲಿ ಅಂತ ಅಪ್ಪಟ ಹಳ್ಳಿ ತುಳುವಿನಲ್ಲಿ, ಬಿಜೈಯ ಬಾಬುಗಳಿಗೆ ತುಳು ಎಂದರೆ ಕೀಳಲ್ಲವೇ, ಹೇಳಿದೆ:

"ಹಸನಾಕ, ಗಾಡಿ ತಿರುಗಿಸಿ. ತೋಡಾರಿಗಲ್ಲ. ಮನೆಯಿಂದ ಹೊರಟು ಆಯ್ತು. ರಜೆ ಮುಗಿಯಿತು. ರಾಬಿಯಾ ಬಾಗಿಲಲ್ಲಿ ನಿಂತು ನೋಡಿಯೂ ಆಯ್ತು. ಬಜ್ಪೆಯಲ್ಲಿ ವಿಮಾನ ನಿಂತಿದೆ, ವೀಸಾ ಇವತ್ತೇ ಮುಗಿಯುದು. ಇವತ್ತು ಹತ್ತದಿದ್ರೆ ಮತ್ತೆ ಇಲ್ಲ!"

ಅವನು ನನ್ನನ್ನು ಒಮ್ಮೆ ನೋಡಿದ. ಆಮೇಲೆ ಹಿಡಿಯನ್ನು ಬಿಗಿಯಾಗಿ ಹಿಡಿದು ಬಗ್ಗಿದ.

ಮಿಜಾರು ದಾಟಿದೆವು. ಎಡಪದವು ದಾಟಿದೆವು. ಮೊಣಕಾಲು ಎದೆಯವರೆಗೆ ಬಂದು ಬಂದು ಹೋಯಿತು. ನೋವು ಇರಲಿಲ್ಲವೆಂದಲ್ಲ, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಗಡ್ಡದಲ್ಲಿ ನಿಲ್ಲುತ್ತಿತ್ತು. ಗಂಜಿಮಠದಲ್ಲಿ ನಾನು ಬಸ್ಸನ್ನು ಅಡ್ಡ ತಂದೆ, ಅವನು ಓವರ್‌ಟೇಕ್ ಮಾಡಿದ. ಕೈಕಂಬದಲ್ಲಿ ಬಜ್ಪೆ ರಸ್ತೆಗೆ ತಿರುಗಿಸಿದೆವು. "ಇನ್ನು ಏರು ಹಸನಾಕ, ಏರು, ವಿಮಾನದ ಬಾಗಿಲು ಹಾಕ್ತಾ ಇದ್ದಾರೆ!" ಎಂದು ನಾನು ಕೂಗುತ್ತಿದ್ದೆ. ಮನೆಯ ಕಡೆಗೆ ಹೋಗುವಾಗ ಅವನು ಯಾವತ್ತೂ ಹಾಗೆ ತುಳಿದಿರಲಿಲ್ಲ. ಮನೆಯಿಂದ ದೂರ ಹೋಗಲಿಕ್ಕೆ ನಮ್ಮವರ ಕಾಲಿಗೆ ಎಲ್ಲಿಲ್ಲದ ಬಲ ಬರುತ್ತದೆ. ಫಿನ್ಬಾರ್ ಸಾಕು ಸಾಕು ಅಂದರೂ ಅವನು ನಿಲ್ಲಿಸಲಿಲ್ಲ. ಕೊನೆಗೆ ನಾನೇ "ಹತ್ತಿ ಆಯ್ತು, ಇಳೀರಿ" ಎಂದೆ.

ಫಿನ್ಬಾರ್ ಹಸನ್ ಕುಂಞಿಯ ಕೈ ಕುಲುಕಿದ. ತನ್ನ ನೋರ್ ನದಿ ಒಬ್ಬ ಮನುಷ್ಯನಿಗೆ ಕಾಲು ಕೊಟ್ಟಿತು ಎಂದ. ಮುಂದಿನ ವಾರವೇ ಆಡಳಿತದವರನ್ನು ಕರೆದು ಭಾಷಣ ಮಾಡಿ, ಇನ್ನೂ ನಾಲ್ಕು ಕುರಿಗಳ ಫೋಟೋ ತರಿಸಿದ. ಕುರಿಗಳಿಗೆ ಏನು, ತಾಯಿಫಿನಲ್ಲೂ ಮೇಯುತ್ತವೆ.

ಜೆಫ್ರಿ ಎದ್ದು, ಪ್ಯಾಂಟಿನ ಮಡಿಕೆ ಸರಿಮಾಡಿಕೊಂಡು, "ಮಬ್ರೂಕ್" ಅಂತ ಅರಬಿಯಲ್ಲೇ ಅಭಿನಂದಿಸಿದ. "ನಾಡಿದ್ದಿನಿಂದ ಡ್ಯೂಟಿ."

"ಸರ್, ನನ್ನ ರಜೆ? ಹಬ್ಬ ಕಳೆದ ಮೇಲೆ ಮಗಳ..."

"ರಜೆಯಾ? ಇಷ್ಟು ತಿಂಗಳು ಮಲಗಿದ್ದು ಮತ್ತೆ ಎಂತ? ಅದೇ ರಜೆ. ಇನ್ನು ಎರಡು ವರ್ಷ ಕೇಳ್ಬೇಡ."

ನಾನು ಸುಮ್ಮನಿರಲಿಲ್ಲ. ಅವನನ್ನು ಲಿಫ್ಟಿನವರೆಗೆ ಅಟ್ಟಿಸಿಕೊಂಡು ಹೋಗಿ, ಕೊಂಕಣಿಯಲ್ಲಿ, ಅವನ ಅಜ್ಜಿಗೂ ಅರ್ಥವಾಗುವ ಶಬ್ದಗಳಲ್ಲಿ ಕೊಟ್ಟೆ. "ರೂಲ್ ಅಂದ್ರೆ ರೂಲ್ ಬಾಯಿ" ಅಂದ, ಲಿಫ್ಟಿನ ಬಾಗಿಲು ಮುಚ್ಚಿತು. ಕಫೀಲನಿಗೆ ಫೋನ್ ಮಾಡಿಸಿದೆ. ಜೆಫ್ರಿ ಹೇಳಿದ ಹಾಗೆಯೇ ಆಗಲಿ ಅಂದನಂತೆ ಮುದುಕ.

ನಾನು ವಾಪಸ್ ಬಂದಾಗ ಹಸನ್ ಕುಂಞಿ ತನ್ನ ಬಟ್ಟೆ ಕಟ್ಟುತ್ತಿದ್ದ. ಕೆಳಗೆ ಬಿದ್ದ ಚಪ್ಪಲಿಯನ್ನು ಎತ್ತಲು ಮೊಣಕಾಲು ಬಗ್ಗಿಸಿ ಕೂತ, ಎದ್ದ. ಎಷ್ಟು ಚೆನ್ನಾಗಿ ಬಗ್ಗಿತು!

"ಹಸನಾಕ, ಶಾಹೀದಾಳ ಮದುವೆ..."

"ಬಿಡಿ ಬಾಯಮ್ಮ. ಈಗ ತಾನೇ ಊರಿಂದ ಬಂದದ್ದಲ್ವಾ?" ಅಂದ. ನಗುತ್ತಿದ್ದಾನೆಂದೇ ತಿಳಿದೆ. "ಆ ದಿನ ತೋಡಾರಲ್ಲಿ ನಾನು ಕಾಲು ತೆಗೀಬಾರದಿತ್ತು. ಬರಿಗೈಯಾದ್ರೂ ಒಳಗೆ ಹೋಗಿ, ಮಗಳ ಕೈಯಿಂದ ಒಂದು ಲೋಟ ನೀರು ಕುಡಿದು ಬರ್ಬೇಕಿತ್ತು."

ನಕ್ಷೆ ಸರಿಪಡಿಸುತ್ತಿದ್ದ ಫಿನ್ಬಾರ್ ತಿರುಗಿ, ಅವನು ಏನು ಹೇಳುತ್ತಿದ್ದಾನೆ ಎಂದು ಕೇಳಿದ.

"ನಿಮ್ಮ ಐರ್ಲೆಂಡ್ ಬಹಳ ಚಂದ ಅಂತೆ" ಅಂದೆ.